ಸೌದೆ ಒಲೆಯ ಪಿಜ್ಜಾ: ತಳ ಕರಕಲು, ಮೇಲೆ ಹಸಿ

ಮೂಡಿಗೆರೆಯಿಂದ ಪ್ರಶ್ನೆ: ತೋಟದ ಹೋಂಸ್ಟೇಗೆ ಗುಮ್ಮಟದ ಇಟ್ಟಿಗೆ ಒಲೆ ಕಟ್ಟಿಸಿದೆ, ಒಳಗಿನ ಅಗಲ ಮೂರು ಅಡಿ. ಮುಕ್ಕಾಲು ಗಂಟೆ ಉರಿ ಹಾಕಿ ಪಿಜ್ಜಾ ಇಟ್ಟರೆ ಮೊದಲನೆಯದರ ತಳ ಕರಕಲು, ಚೀಸ್ ಕರಗಿರಲ್ಲ. ಮೂರನೆಯದರ ತಳವೇ ಹಸಿ. ಜೊತೆಗೆ ವಿಪರೀತ ಹೊಗೆ. ತಪ್ಪು ಎಲ್ಲಿದೆ?

ಸಕಲೇಶಪುರದಿಂದ: ಒಲೆ ಇನ್ನೂ ಕಾದಿಲ್ಲ. ಕೆಂಡ ಕೂತಿದ್ದ ಕಡೆ ಇಟ್ಟಿಗೆಯ ಮೇಲ್ಮೈ ಮಾತ್ರ ಸುಡುತ್ತಿದೆ, ಗುಮ್ಮಟ ತಣ್ಣಗಿದೆ. ಹಾಗಾಗಿ ಮೊದಲನೆಯದರ ತಳ ಹೊತ್ತುತ್ತದೆ, ಆ ತೆಳು ಶಾಖ ಮುಗಿದ ಮೇಲೆ ಮೂರನೆಯದು ಬೇಯುವುದಿಲ್ಲ. ಈ ಅಳತೆಗೆ ಒಂದೂವರೆಯಿಂದ ಎರಡು ಗಂಟೆ ಉರಿ ಬೇಕು, ಮಳೆಗಾಲದಲ್ಲಿ ಇನ್ನೂ ಅರ್ಧ ಗಂಟೆ. ಗಡಿಯಾರಕ್ಕಿಂತ ಗುಮ್ಮಟ ನೋಡಿ. ಮೊದಲು ಮಸಿ ಹಿಡಿದು ಕಪ್ಪಾಗುತ್ತದೆ, ಶಾಖ ಏರಿದಂತೆ ಮಸಿಯೇ ಸುಟ್ಟು ಇಟ್ಟಿಗೆಯ ಬಣ್ಣ ವಾಪಸ್ ಬರುತ್ತದೆ. ನೆತ್ತಿ ಬೆಳ್ಳಗಾದರೆ ಸಾಲದು, ಪಕ್ಕದ ಗೋಡೆಯೂ ಬೆಳ್ಳಗಾಗಬೇಕು.

ಆಮೇಲೆ ಕೆಂಡವನ್ನು ನೆಲದ ತುಂಬ ಹರಡಿ 15 ನಿಮಿಷ ಬಿಡಿ. ನಂತರ ಒಂದು ಪಕ್ಕಕ್ಕೆ ತಳ್ಳಿ, ಹಿತ್ತಾಳೆ ಬ್ರಷ್‌ನಿಂದ ಬೂದಿ ಗುಡಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ 550 ಡಿಗ್ರಿ ತನಕ ಅಳೆಯುವಂಥದ್ದೇ ಕೊಳ್ಳಿ. ನೆಲ 380ರಿಂದ 430 ಡಿಗ್ರಿ ತೋರಿಸಿದರೆ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಆಗುತ್ತದೆ, ಇಟಲಿಯ ನೇಪಲ್ಸ್ ಶೈಲಿಯ ಅಳತೆ ಅದೇ. ನೆಲ ಅದಕ್ಕಿಂತ ಕಾದಿದ್ದರೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನು ಕೋಲಿಗೆ ಸುತ್ತಿ ಒಮ್ಮೆ ಒರೆಸಿ. ನೀರು ಮಾತ್ರ ಎರಚಬೇಡಿ, ಇಟ್ಟಿಗೆ ಸೀಳುತ್ತದೆ.

ಕೊಪ್ಪದಿಂದ: ಮೇಲಿನದಕ್ಕೆ ಒಂದು ಮಾತು ಸೇರಿಸಬೇಕು. ಬರೀ ಕೆಂಡವಿದ್ದರೆ ಮೇಲ್ಭಾಗ ಬೇಯಲ್ಲ. ಚೀಸ್ ಕರಗಿಸುವುದು ಗುಮ್ಮಟಕ್ಕೆ ಅಡರಿ ಬಾಗುವ ಜ್ವಾಲೆ. ಪಿಜ್ಜಾ ಇಡುವ ಐದು ನಿಮಿಷ ಮೊದಲು ಒಂದೂವರೆ ಇಂಚು ದಪ್ಪದ ಒಣ ಸೀಳು ಒಂದೆರಡು ಹಾಕಿ. ಆದರೂ ಮೇಲೆ ಹಿಂದುಳಿದರೆ, ತಳ ಬೆಂದ ಕೂಡಲೇ ಪಿಜ್ಜಾ ಇಡುವ ಉದ್ದ ಹಿಡಿಯ ಹಲಗೆಯಲ್ಲಿ ಎತ್ತಿ ಗುಮ್ಮಟದ ಹತ್ತಿರ ಐದಾರು ಸೆಕೆಂಡ್ ಹಿಡಿಯಿರಿ.

ಹೊಗೆ ಬರುತ್ತಿರುವುದು ಹಸಿ ಸೌದೆಯಿಂದ. ನಮ್ಮ ಕಡೆ ಜೂನ್ ದಾಟಿದ ಮೇಲೆ ಹೊರಗೆ ಒಟ್ಟಿದ ಸೌದೆಯನ್ನು ನಂಬುವ ಹಾಗಿಲ್ಲ. ಎರಡು ತುಂಡು ತಟ್ಟಿ ನೋಡಿ, ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಬೇಸಿಗೆಯಲ್ಲೇ ಸೀಳಿ, ಕೊಟ್ಟಿಗೆಯಲ್ಲಿ ಗಾಳಿಯಾಡುವಂತೆ ಆರು ತಿಂಗಳಾದರೂ ಇಡಬೇಕು. ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯುತ್ತದೆ, ಜ್ವಾಲೆಗೆ ಒಳ್ಳೆಯದು, ಕೆಂಡಕ್ಕಲ್ಲ. ಕಿತ್ತ ಹಳೇ ರೊಬಸ್ಟಾ ಕಾಫಿ ಗಿಡದ ಬೊಡ್ಡೆ ಗಟ್ಟಿ, ಕೆಂಡ ನಿಲ್ಲುತ್ತದೆ. ಒಲೆ ಕಾಯಿಸಲು ಅದು, ಬೇಯಿಸುವಾಗ ಸಿಲ್ವರ್ ಓಕ್ ಸೀಳು. ಹೊಳಗೇರು ಮರದ ಸಹವಾಸವೇ ಬೇಡ, ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ ಕೂಡ ಬೇಡ.

ಮರುದಿನ ಕೆಂಡ ಪೂರ್ತಿ ತೆಗೆದು, ನೆಲ 150 ಡಿಗ್ರಿಗಿಂತ ಇಳಿದ ಮೇಲೆ ಮುಂದಿನ ಸಲದ ಸೌದೆಯನ್ನು ಒಳಗೇ ಜೋಡಿಸಿಡಿ. ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆ ಅಟ್ಟ ಇಲ್ಲ.

ಹಾಸನದಿಂದ: ಕಟ್ಟಿದ್ದರಲ್ಲೂ ನೋಡುವುದಿದೆ. ನೆಲದ ಇಟ್ಟಿಗೆಯ ಕೆಳಗೆ ನೇರ ಕಾಂಕ್ರೀಟ್ ಇದೆಯಾ? ಇದ್ದರೆ ಶಾಖವೆಲ್ಲ ಅದೇ ಕುಡಿಯುತ್ತದೆ, ಎಷ್ಟು ಕಾಯಿಸಿದರೂ ಮೂರನೇ ಪಿಜ್ಜಾಕ್ಕೆ ನೆಲ ಸೋಲುತ್ತದೆ. ನಡುವೆ ಮೂರ್ನಾಲ್ಕು ಇಂಚು ವರ್ಮಿಕ್ಯುಲೈಟ್ (ಶಾಖ ದಾಟಲು ಬಿಡದ ಹಗುರ ಖನಿಜದ ಹರಳು) ಪದರ ಬೇಕು, ಒಂದು ಪಾಲು ಸಿಮೆಂಟಿಗೆ ಐದು ಪಾಲು. ಗುಮ್ಮಟದ ಮೇಲೆ ಸೆರಾಮಿಕ್ ಫೈಬರ್ ಹೊದಿಕೆ. ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಶೇ. 63ರ ಆಸುಪಾಸು ಇರಲಿ, 16 ಇಂಚಿಗೆ 10 ಇಂಚು. ಬಾಯಿ ದೊಡ್ಡದಾದರೆ ಶಾಖ ಹೊರಗೆ, ಚಿಕ್ಕದಾದರೆ ಹೊಗೆ ಒಳಗೆ. ಹೊಸ ಒಲೆಗೆ ಒಂದು ವಾರ ಸಣ್ಣ ಉರಿ ಕೊಟ್ಟು ದಿನದಿನಕ್ಕೆ ಏರಿಸಿ. ತಿಂಗಳುಗಟ್ಟಲೆ ಮಳೆಯಲ್ಲಿ ಸುಮ್ಮನೆ ನಿಂತಿದ್ದರೂ ಹೀಗೇ. ಒಳಗಿನ ನೀರು ಒಮ್ಮೆಲೇ ಆವಿಯಾದರೆ ಗುಮ್ಮಟ ಬಿರುಕು ಬಿಡುತ್ತದೆ.

ಚಿಕ್ಕಮಗಳೂರಿನಿಂದ: ಹಿಟ್ಟಿನ ವಿಷಯ ಯಾರೂ ಹೇಳಲಿಲ್ಲ. ಒಂದು ಕೆಜಿ ಮೈದಾಕ್ಕೆ 580 ಮಿಲಿ ನೀರು, 27 ಗ್ರಾಂ ಉಪ್ಪು, ಇನ್‌ಸ್ಟಂಟ್ ಯೀಸ್ಟ್ ಎರಡೇ ಗ್ರಾಂ, ಫ್ರಿಜ್‌ನಲ್ಲಿ ಒಂದು ದಿನ. ನಮ್ಮ ಅಂಗಡಿ ಮೈದಾದ ಅಂಟು ಕಡಿಮೆ, ನೀರು ಹೆಚ್ಚಿದರೆ ಹಿಗ್ಗಿಸುವಾಗ ಹರಿಯುತ್ತದೆ. ಸಕ್ಕರೆ ಹಾಕಲೇಬೇಡಿ, 400 ಡಿಗ್ರಿಯಲ್ಲಿ ತಳ ಕಪ್ಪಾಗಲು ಅದೂ ಕಾರಣ. 250 ಗ್ರಾಂ ಉಂಡೆಗೆ ಹತ್ತು ಇಂಚಿನ ಪಿಜ್ಜಾ. ಲಟ್ಟಣಿಗೆ ಬೇಡ, ಅಂಚಿನ ಗಾಳಿ ಹೋಗುತ್ತದೆ, ಅಕ್ಕಿ ರೊಟ್ಟಿಯಂತೆ ಬೆರಳಲ್ಲೇ ನಡುವಿನಿಂದ ಒತ್ತಿ. ಹಲಗೆಗೆ ಉದುರಿಸಲು ಮೈದಾ ಬದಲು ಅಕ್ಕಿಹಿಟ್ಟು, ತೆಳ್ಳಗೆ. ತಳಕ್ಕೆ ಅಂಟಿ ಉಳಿದ ಮೈದಾ ಸುಟ್ಟು ಕಹಿಯಾಗುತ್ತದೆ.

ಸಾಸ್ 70 ಗ್ರಾಂ, ಚೀಸ್ 80 ಗ್ರಾಂ ಮೀರಬಾರದು. ನಾಟಿ ಟೊಮೆಟೊ ರುಚಿ, ಆದರೆ ನೀರು ಜಾಸ್ತಿ. ಸಿಪ್ಪೆ ಸುಲಿದು ಕಿವುಚಿ ಜರಡಿಯಲ್ಲಿ ಬಸಿದುಕೊಳ್ಳಿ. ತಾಜಾ ಮೊಝರೆಲ್ಲಾ ಕೂಡ ಎರಡು ಗಂಟೆ ಬಸಿಯಬೇಕು. ಅಣಬೆಯನ್ನು ಬಾಣಲೆಯಲ್ಲಿ ನೀರು ಇಂಗಿಸಿ ಹಾಕಿ. ತೋಟದ ಹಸಿ ಕಾಳುಮೆಣಸು, ಬೆಣ್ಣೆಹಣ್ಣು ಎರಡೂ ಒಲೆಯಿಂದ ತೆಗೆದ ಮೇಲೆ.

ಸಕಲೇಶಪುರದಿಂದ ಮತ್ತೆ: ಪ್ರತಿ ಎರಡು ಪಿಜ್ಜಾ ಆದಮೇಲೆ ನೆಲ ಅಳೆಯಿರಿ. 350ಕ್ಕೆ ಇಳಿದಿದ್ದರೆ ಅತಿಥಿಗಳನ್ನು ಹತ್ತು ನಿಮಿಷ ಕಾಯಿಸಿ, ಕೆಂಡ ಮತ್ತೆ ನೆಲಕ್ಕೆ ಎಳೆಯಿರಿ.