30 ಡಿಗ್ರಿಯಲ್ಲಿ ಮಾತ್ರ ಆವಿ ಒತ್ತಡ ಸರಿ, ಮಿಕ್ಕಿದ್ದೆಲ್ಲ ತಪ್ಪು

ಪ್ರಶ್ನೆ:
ಒಂದು ಹೊಸ ದ್ರಾವಕದ ಸುರಕ್ಷತಾ ವರದಿಗೆ ಆವಿ ಒತ್ತಡ (ಮುಚ್ಚಿದ ಪಾತ್ರೆಯಲ್ಲಿ ದ್ರವದಿಂದ ಎದ್ದ ಆವಿ ಹಾಕುವ ಒತ್ತಡ) ಅಳೆಯಬೇಕಿದೆ. ಮೊದಲು ಉಪಕರಣ ಸರಿಯಿದೆಯಾ ನೋಡೋಣ ಅಂತ, ಆವಿ ಒತ್ತಡ ಮೊದಲೇ ಗೊತ್ತಿರುವ ಟೊಲುಯೀನ್ ದ್ರಾವಕ ಹಾಕಿದೆ. ಫ್ಲಾಸ್ಕ್ ವಾಟರ್ ಬಾತ್‌ನಲ್ಲಿ ಮುಳುಗಿದೆ, ಅಲ್ಲಿಂದ ಗಾಜಿನ ಟ್ಯೂಬ್ ಮೇಲೆ ಬಂದು ಪ್ರೆಶರ್ ಸೆನ್ಸರ್‌ಗೆ ಸೇರುತ್ತದೆ. ಎರಡು ನಿಮಿಷ ಪಂಪ್ ಓಡಿಸಿ ವಾಲ್ವ್ ಮುಚ್ಚಿದೆ. 20 ಡಿಗ್ರಿಯಲ್ಲಿ 3.6 ಕಿಲೋಪ್ಯಾಸ್ಕಲ್ ಬಂತು, ಪುಸ್ತಕದಲ್ಲಿ 2.9 ಇದೆ. 30ರಲ್ಲಿ 4.9, ಪುಸ್ತಕದಲ್ಲೂ ಅಷ್ಟೇ. 40ಕ್ಕೆ ಏರಿಸಿದರೆ ಮತ್ತೆ ಅದೇ 4.9! ಬರಬೇಕಾದ್ದು 7.9. ಸೆನ್ಸರ್ ಕೆಟ್ಟಿದೆಯಾ?

ಉತ್ತರ:
ಸೆನ್ಸರ್‌ನ ಸುಮ್ನೆ ಬೈಬೇಡಿ. ಕೋಣೆಯ ಉಷ್ಣತೆ ಎಷ್ಟಿದೆ? 20ರಲ್ಲಿ ವಾಲ್ವ್ ಮುಚ್ಚಿ ಒಂದು ಗಂಟೆ ಬಿಟ್ಟರೆ ಅಂಕಿ ಏರುತ್ತಾ?

ಪ್ರಶ್ನೆ ಕೇಳಿದವರು:
ಕೋಣೆ 27 ಡಿಗ್ರಿ. ಒಂದು ಗಂಟೆ ಬಿಟ್ಟೆ, 3.6ರಿಂದ ಕದಲಲಿಲ್ಲ.

ಉತ್ತರ:
ಹಾಗಾದರೆ ಲೀಕ್ ಇಲ್ಲ. ಇದ್ದಿದ್ದರೆ ಅಂಕಿ ಏರುತ್ತಲೇ ಇರುತ್ತಿತ್ತು. ಆ ಹೆಚ್ಚುವರಿ 0.7 ದ್ರವದಲ್ಲಿ ಕರಗಿ ಉಳಿದಿದ್ದ ಗಾಳಿ, ಎರಡು ನಿಮಿಷದ ಪಂಪಿಗೆ ಅದು ಹೊರಗೆ ಬರಲ್ಲ.

40ರ ಕಥೆಯೇ ಬೇರೆ. ಆವಿ ಒತ್ತಡ ಎಷ್ಟಿರಬೇಕು ಅನ್ನೋದನ್ನ ಬಾತ್ ಅಲ್ಲ, ಇಡೀ ಉಪಕರಣದಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ತೀರ್ಮಾನಿಸುತ್ತದೆ. ನಿಮ್ಮ ಸೆನ್ಸರ್ 27 ಡಿಗ್ರಿಯಲ್ಲಿ ಕೂತಿದೆ, ಆವಿ ಅಲ್ಲಿಗೆ ಹೋಗಿ ಹನಿಯಾಗುತ್ತದೆ. 27ರಲ್ಲಿ ಟೊಲುಯೀನ್ ಒತ್ತಡ 4.2, ಅದಕ್ಕೆ ಗಾಳಿಯ 0.7 ಸೇರಿಸಿ. 4.9 ಬಂತಲ್ವಾ? 30ರಲ್ಲೂ ಅದೇ ಲೆಕ್ಕ, ಅಲ್ಲಿ ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿವೆ ಅಷ್ಟೇ: ತಣ್ಣನೆಯ ಜಾಗ 0.7 ಇಳಿಸಿತು, ಗಾಳಿ 0.7 ಏರಿಸಿತು. ನೀವು 30ರಲ್ಲಿ ಮಾತ್ರ ಅಳೆದು ನಿಲ್ಲಿಸಿದ್ದರೆ ಉಪಕರಣ ಪಾಸ್ ಆಗಿಬಿಡುತ್ತಿತ್ತು!

ಟ್ಯೂಬಿಗೂ ಸೆನ್ಸರಿಗೂ ಹೀಟಿಂಗ್ ಟೇಪ್ ಸುತ್ತಿ 50ರ ಹತ್ತಿರ ಇಡಿ, ಸೆನ್ಸರ್ ಅಷ್ಟು ಬಿಸಿ ತಡೆಯುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಗಾಳಿ ತೆಗೆಯಲು ಫ್ಲಾಸ್ಕನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ವಾಲ್ವ್ ಮುಚ್ಚಿ ಕರಗಲು ಬಿಡಿ. ಹೀಗೆ ಮೂರು ಸಲ. ಫ್ಲಾಸ್ಕ್ ನೈಟ್ರೋಜನ್‌ನಲ್ಲಿ ಇರುವಾಗ ಹೊರಗಿನ ಗಾಳಿಗೆ ವಾಲ್ವ್ ತೆರೆಯಲೇಬೇಡಿ, ಒಳಗೆ ದ್ರವ ಆಮ್ಲಜನಕ ಸೇರಿಕೊಂಡರೆ ಸ್ಫೋಟಕ್ಕೆ ದಾರಿ.

ಪ್ರಶ್ನೆ ಕೇಳಿದವರು:
40ರಲ್ಲಿ ಟಾರ್ಚ್ ಹಾಕಿ ನೋಡಿದೆ, ಸೆನ್ಸರ್ ಕೆಳಗಿನ ಜಾಯಿಂಟ್ ಸುತ್ತ ಸಾಸಿವೆ ಗಾತ್ರದ ಹನಿಗಳು! ಎರಡನ್ನೂ ಸರಿ ಮಾಡಿದ ಮೇಲೆ 2.9, 4.9, 7.9 ಬಂತು. ಇನ್ನು ನನ್ನ ದ್ರಾವಕ ಹಾಕಬಹುದಾ?

ಉತ್ತರ:
ಹಾಕಿ. ಮೂರು ಉಷ್ಣತೆಯಲ್ಲಾದರೂ ಅಳೆದು, ಒತ್ತಡದ ಲಾಗರಿದಮ್ಮನ್ನು ಕೆಲ್ವಿನ್ ಉಷ್ಣತೆಯ ವಿಲೋಮದ ಎದುರು ಗೆರೆ ಎಳೆಯಿರಿ, ಹೆಚ್ಚುಕಡಿಮೆ ನೇರ ಬರಬೇಕು. ಅಂಕಿ ಕಮ್ಮಿ ಬಂದರೆ ಜಾಸ್ತಿ ಅನುಮಾನ ಪಡಿ, ಉಸಿರಿಗೆ ಹೋಗುವ ಆವಿಯ ಲೆಕ್ಕವೂ ಕಮ್ಮಿಯಾಗಿಬಿಡುತ್ತದೆ. ಒತ್ತಡ 10 ಪ್ಯಾಸ್ಕಲ್‌ಗಿಂತ ಕೆಳಗಿದ್ದರೆ ಈ ಉಪಕರಣ ಬಿಟ್ಟು ಗ್ಯಾಸ್ ಸ್ಯಾಚುರೇಶನ್ ವಿಧಾನಕ್ಕೆ (ದ್ರಾವಕದ ಮೇಲೆ ಅನಿಲ ಹರಿಸಿ, ಅದು ಹೊತ್ತೊಯ್ದ ಆವಿಯನ್ನು ಅಳೆಯುವುದು) ಹೋಗಿ.