ಸಹಾಯ ಬೇಕು: ಅಜ್ಜಿ ಹೊಲಿದ ಬಟ್ಟೆ ಗೊಂಬೆಗಳಿಗೆ ಹುಳ ಹಿಡಿದಿದೆ

ಎಲ್ಲರಿಗೂ ನಮಸ್ಕಾರ. ದಸರಾ ಗೊಂಬೆಗಳ ಪೆಟ್ಟಿಗೆ ತೆಗೆದೆ. ಪಟ್ಟದ ಗೊಂಬೆಗಳಿಗೆ ಏನೂ ಆಗಿಲ್ಲ. ಆದರೆ ಅಜ್ಜಿ ಕೈಯಲ್ಲೇ ಹೊಲಿದ ಬಟ್ಟೆ ಗೊಂಬೆಗಳನ್ನು ನೋಡಿ ಕಣ್ಣಲ್ಲಿ ನೀರು ಬಂತು.

ಹೆಣ್ಣು ಗೊಂಬೆಯ ಮುಖ ಹಳೇ ಪಂಚೆಯದು. ಕಣ್ಣಿಗೆ ಕಪ್ಪು ದಾರದ ಎರಡೆರಡು ಹೊಲಿಗೆ, ಜಡೆಗೆ ಉಣ್ಣೆ ದಾರ, ಸೀರೆಗೆ ಅಜ್ಜಿಯ ರೇಷ್ಮೆ ಸೆರಗಿನ ತುಂಡು. ಈಗ ಸೆರಗಿನ ತುಂಬ ಸಾಸಿವೆಯಷ್ಟು ತೂತು. ಸೊಂಟದ ಹತ್ತಿರ ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂದಿದೆ.

ನೀರಿಗೆ ಹಾಕಿಲ್ಲ, ಹಳೇ ರೇಷ್ಮೆ ಬಣ್ಣ ಬಿಡುತ್ತದೆ ಅಲ್ವಾ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ ಎಂದು ಓದಿದ್ದೇನೆ. ಯಾರಾದರೂ ಮಾಡಿ ನೋಡಿದ್ದೀರಾ? ಎಷ್ಟು ದಿನ ಇಡಬೇಕು? ತೂತಾದ ರೇಷ್ಮೆಗೆ ಹಿಂದಿನಿಂದ ತೆಳು ಬಟ್ಟೆ ಕೊಟ್ಟು ಹೊಲಿಯಬಹುದಾ? ಹೊಸ ಸೀರೆ ಉಡಿಸುವ ಮನಸ್ಸು ನನಗಿಲ್ಲ. ಆ ತುಂಡೇ ಉಳಿಯಬೇಕು.

ಇನ್ನೊಂದು ವಿಷಯ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಶುರು ಮಾಡಿದ ಗೊಂಬೆ ಮ್ಯೂಸಿಯಂ ಇದೆ. ಬೇರೆ ಬೇರೆ ರಾಜ್ಯಗಳ ಉಡುಗೆಯ ಗೊಂಬೆಗಳನ್ನು ಅಲ್ಲೇ ಕೈಯಲ್ಲಿ ಮಾಡುತ್ತಿದ್ದರು. ಅಂಥ ಗೊಂಬೆ ನಿಮ್ಮ ಮನೆಯಲ್ಲಿದ್ದರೆ, ಹೇಗೆ ಎತ್ತಿಟ್ಟಿದ್ದೀರಿ ಹೇಳಿ. ಮೈಸೂರಿನ ಸುತ್ತ ಹಳೇ ಬಟ್ಟೆ ಗೊಂಬೆ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಬ್ಬಕ್ಕೆ ಇವೂ ಮೆಟ್ಟಿಲ ಮೇಲೆ ಕೂರಬೇಕು.