ಸಹಾಯ ಬೇಕು: ಮಡಿಕೇರಿಯಲ್ಲಿ ಕಾಟೇಜಾ, ಹೋಟೆಲ್ ಸೂಟಾ?

ಡಿಸೆಂಬರ್ ರಜೆಗೆ ಮನೆಯವರೆಲ್ಲ ಮಡಿಕೇರಿಗೆ ಹೊರಟಿದ್ದೇವೆ. ಅಪ್ಪ, ಅಮ್ಮ, ನಾವಿಬ್ಬರು, ಎರಡು ಮಕ್ಕಳು. ಮಕ್ಕಳಿಗೆ ಕಾಫಿ ತೋಟದ ಕಾಟೇಜೇ ಬೇಕಂತೆ. ಅರೇಬಿಕಾ ಕೊಯ್ಲಿನ ಕಾಲ ಬೇರೆ. ಅಡುಗೆಮನೆ ಇದ್ದರೆ ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಮಾಡಿಕೊಡಬಹುದು, ಸಕ್ಕರೆ ಕಾಯಿಲೆ ಅಲ್ವಾ. ಆದರೆ ಅಮ್ಮನಿಗೆ ಮಂಡಿ ನೋವು. ತೋಟದ ಇಳಿಜಾರು, ಮೆಟ್ಟಿಲು ಅಂದರೆ ಭಯ.

ರಾಜಾ ಸೀಟ್ ಹತ್ತಿರದ ಸೂಟ್ ನೋಡಿದೆ, ಲಿಫ್ಟ್ ಇದೆ. ಆದರೆ ಒಂದೇ ರೂಮಿಗೆ ಸೋಫಾ ಹಾಕಿ ಸೂಟ್ ಅನ್ನುವವರೂ ಇದ್ದಾರೆ. ಮಧ್ಯೆ ಬಾಗಿಲಿಲ್ಲದಿದ್ದರೆ ಅಪ್ಪನ ಗೊರಕೆಗೆ ಯಾರಿಗೂ ನಿದ್ದೆಯಿಲ್ಲ!

ವಯಸ್ಸಾದವರ ಜೊತೆ ತೋಟದ ಕಾಟೇಜಿನಲ್ಲಿ ಉಳಿದವರು ಇದ್ದೀರಾ? ಕಾರು ಬಾಗಿಲವರೆಗೆ ಹೋಗುತ್ತದಾ? ಕರೆಂಟ್ ಹೋದರೆ ಬಿಸಿನೀರಿಗೆ ಏನು ಮಾಡುತ್ತಾರೆ? ಬುಕ್ ಮಾಡುವ ಮೊದಲು ಇನ್ನೇನು ಕೇಳಬೇಕು? ದಯವಿಟ್ಟು ತಿಳಿಸಿ.